ಒಂದಡಿಯ ಕೆಳಗೆ ಸಿಕ್ಕಿದ್ದನ್ನು ಬರೆದಿಡೋಣ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ‘ಜಮೀನು ಮಟ್ಟ ಮಾಡುವಾಗ ವೀರಗಲ್ಲು ಪತ್ತೆ’, ‘ತೋಟದಲ್ಲಿ ಶಾಸನ ಪತ್ತೆ’ ಎಂಬ ಸುದ್ದಿಗಳು ಕಾಣಿಸುತ್ತವೆ. ಕಲ್ಲಿನ ಅಕ್ಕಪಕ್ಕ ನಾಲ್ಕು ಜನ ನಿಂತ ಚಿತ್ರ, ಇಂತಿಷ್ಟನೇ ಶತಮಾನದ್ದು ಎಂಬ ಒಂದು ಸಾಲು ಇರುತ್ತದೆ. ಎಷ್ಟು ಆಳದಲ್ಲಿ ಸಿಕ್ಕಿತು, ನಿಂತಿತ್ತೋ ಮಗುಚಿ ಬಿದ್ದಿತ್ತೋ, ಸುತ್ತಲಿನ ಮಣ್ಣಿನಲ್ಲಿ ಏನಿತ್ತು ಎಂಬುದು ಇರುವುದಿಲ್ಲ. ವರದಿಗಾರರನ್ನು ದೂರುವಂತಿಲ್ಲ. ಅವರು ಬರುವ ಹೊತ್ತಿಗೆ ಜೆಸಿಬಿ ಆ ಜಾಗವನ್ನು ಮಟ್ಟ ಮಾಡಿ ಹೋಗಿರುತ್ತದೆ.

ಪುರಾತತ್ವ ಇಲಾಖೆಗಳು ಉತ್ಖನನ ಮಾಡುವ ಜಾಗ ಬೆರಳೆಣಿಕೆಯಷ್ಟು. ರೈತರು ಅಗೆಯುವ ನೆಲವೋ ವರ್ಷಕ್ಕೆ ಸಾವಿರಾರು ಎಕರೆ. ಹಾಗಾಗಿ ಮಲೆನಾಡಿನ ಹಿಂದಿನ ಕಾಲದ ಬಗ್ಗೆ ಹೊಸದಾಗಿ ತಿಳಿಯಬೇಕಾದದ್ದು ಬಹುಪಾಲು ರೈತರ ಹಾರೆ, ಗುದ್ದಲಿ, ಯಂತ್ರಗಳಿಂದಲೇ ಹೊರಬೀಳುತ್ತದೆ. ಕಂಡದ್ದನ್ನು ಕ್ರಮವಾಗಿ ಬರೆದಿಡುವವರು ಪಕ್ಕದಲ್ಲಿದ್ದರೆ ಅದು ಉಳಿಯುತ್ತದೆ. ಈ ಕೆಲಸವನ್ನು ರೈತರೂ ಹವ್ಯಾಸಿ ಇತಿಹಾಸಾಸಕ್ತರೂ ಕೂಡಿ ಹೇಗೆ ಮಾಡಬಹುದು, ಎಲ್ಲಿ ಕೆಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಆಳದ ಲೆಕ್ಕ. ಮರದ ನೇಗಿಲು ಕೆದಕುವುದು ನಾಲ್ಕರಿಂದ ಆರು ಇಂಚು. ರೋಟವೇಟರ್ ಕೂಡ ಸುಮಾರು ಅಷ್ಟೇ. ಟ್ರ್ಯಾಕ್ಟರ್ ನೇಗಿಲು ಎಂಟರಿಂದ ಹನ್ನೆರಡು ಇಂಚಿಗೆ ಇಳಿಯುತ್ತದೆ. ತಲೆತಲಾಂತರದಿಂದ ಭತ್ತ ಬೆಳೆದ ಗದ್ದೆಯಲ್ಲಿ ಉಳುಮೆಯ ಕೆಳಗೆ ಗಟ್ಟಿಯಾದ ಒಂದು ಪದರ ಕಟ್ಟಿಕೊಂಡಿರುತ್ತದೆ. ಅದರ ಕೆಳಗಿನ ಮಣ್ಣು ಎಷ್ಟೋ ಶತಮಾನಗಳಿಂದ ಯಾರೂ ಮುಟ್ಟದೆ ಉಳಿದಿರಲು ಸಾಧ್ಯ. ನಮ್ಮ ಅಜ್ಜಂದಿರ ಬೇಸಾಯದ ಕೆಳಗೆ ಹಳೆಯ ಊರುಗಳು ಕೆಡದೆ ಮಲಗಿದ್ದದ್ದು ಹೀಗೆ. ಈಗ ಶಿಕಾರಿಪುರ, ಸೊರಬ, ಚನ್ನಗಿರಿ ಕಡೆ ಗದ್ದೆ, ಬೆದ್ದಲು ಎಲ್ಲವೂ ಅಡಿಕೆ ತೋಟವಾಗುತ್ತಿವೆ. ಅಡಿಕೆ ಗುಂಡಿಯ ಅಳತೆ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಬಸಿಗಾಲುವೆ ಅದಕ್ಕಿಂತ ಆಳ ಹೋಗುವುದೂ ಉಂಟು. ಉದ್ದಗಲ ಹತ್ತತ್ತು ಮೀಟರ್ ಇರುವ ಕೃಷಿ ಹೊಂಡ 3 ಮೀಟರ್ ಇಳಿಯುತ್ತದೆ. ಶುಂಠಿಗೆ ಗುತ್ತಿಗೆ ಕೊಟ್ಟ ಜಮೀನಿನಲ್ಲಿ ಏರುಮಡಿ, ನಡುಗಾಲುವೆ ಎಂದು ಇಡೀ ಹೊಲ ಮೇಲುಕೆಳಗಾಗುತ್ತದೆ. ಒಂದೇ ತಲೆಮಾರಿನಲ್ಲಿ ನಮ್ಮ ಬೇಸಾಯ ಅರ್ಧ ಅಡಿಯಿಂದ ಮೂರಡಿಗೆ ಇಳಿದಿದೆ.

ಕಾನೂನು ಕೂಡ ಆಳದ ಈ ಗೆರೆಯನ್ನು ಗುರುತಿಸಿದೆ. ಪ್ರಾಚೀನ ಸ್ಮಾರಕಗಳಿಗೆ ಸಂಬಂಧಿಸಿದ 1958ರ ಕೇಂದ್ರ ಕಾಯಿದೆಯ 19ನೇ ಕಲಮು, ಸಂರಕ್ಷಿತವೆಂದು ಘೋಷಿಸಿದ ನಿವೇಶನದೊಳಗೂ ಒಂದು ಅಡಿಗಿಂತ ಹೆಚ್ಚು ಆಳ ಅಗೆಯದ ಬೇಸಾಯಕ್ಕೆ ಅಡ್ಡಿಯಿಲ್ಲ ಎನ್ನುತ್ತದೆ. ಇದು ಬಹಳ ರೈತರಿಗೆ ಗೊತ್ತಿಲ್ಲ. 2010ರ ತಿದ್ದುಪಡಿಯಲ್ಲಿ ಬಂದ 100 ಮೀಟರ್ ನಿಷೇಧಿತ ವಲಯ ಮತ್ತು ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ ಕಟ್ಟಡ ಕಟ್ಟುವುದಕ್ಕೆ ಸಂಬಂಧಿಸಿದವು, ಅದೂ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ ಮಾತ್ರ. ಹೊಲದಲ್ಲಿ ಒಂದು ವೀರಗಲ್ಲು ಸಿಕ್ಕಿದ ಮಾತ್ರಕ್ಕೆ ಆ ಜಮೀನು ಇಲಾಖೆಗೆ ಹೋಗುವುದಿಲ್ಲ. ಯಾವುದೇ ಜಾಗವನ್ನು ಕೇಂದ್ರದ ರಕ್ಷಣೆಗೆ ತೆಗೆದುಕೊಳ್ಳಬೇಕಾದರೆ ಮೊದಲು ಅಧಿಸೂಚನೆ ಹೊರಡಿಸಿ, ಆಕ್ಷೇಪ ಸಲ್ಲಿಸಲು ಎರಡು ತಿಂಗಳು ಕೊಡಬೇಕು. ‘ಕಲ್ಲು ಸಿಕ್ಕಿತು ಅಂದರೆ ಜಮೀನು ಹೋಯಿತು’ ಎಂಬ ಗಾಳಿಮಾತಿನಿಂದ ಎಷ್ಟೋ ಕಲ್ಲುಗಳು ರಾತ್ರೋರಾತ್ರಿ ಮತ್ತೆ ಮಣ್ಣು ಸೇರಿವೆ, ಒಡೆದು ಪಾಗಾರವಾಗಿವೆ. ಬಗರ್‌ಹುಕುಂ ಸಾಗುವಳಿದಾರರ ಭಯ ಇನ್ನೂ ದೊಡ್ಡದು. ಹಕ್ಕುಪತ್ರವೇ ಕೈಗೆ ಬಾರದವರು ಅಧಿಕಾರಿಗಳನ್ನು ತಾವಾಗಿ ಹೊಲಕ್ಕೆ ಕರೆಯುವುದಿಲ್ಲ. ಹವ್ಯಾಸಿಗಳು ಇದನ್ನು ಅರಿತು ನಡೆಯಬೇಕು. ಊರಿನ ಹೆಸರು ಮತ್ತು ಸ್ಥಳ ಬರೆದುಕೊಂಡರೆ ಚರಿತ್ರೆಗೆ ಸಾಕು, ಸಾಗುವಳಿ ಮಾಡುವವರ ಹೆಸರು ಬೇಕಿಲ್ಲ.

ಇನ್ನು ಅಡಿಕೆ ಗುಂಡಿಯ ವಿಷಯ. ಇದರಲ್ಲಿ ಹಾನಿಯ ಜೊತೆಗೆ ಒಂದು ದೊಡ್ಡ ಅವಕಾಶವೂ ಇದೆ, ಅದನ್ನು ಯಾರೂ ಬಳಸಿಕೊಳ್ಳುತ್ತಿಲ್ಲ. ಒಂಬತ್ತು ಅಡಿಗೆ ಒಂದರಂತೆ, ಅಂದರೆ 2.7 ಮೀಟರ್ ಅಂತರದಲ್ಲಿ ಗುಂಡಿ ತೆಗೆದರೆ ಎಕರೆಗೆ ಸುಮಾರು 550 ಗುಂಡಿ ಬೀಳುತ್ತವೆ. ಹಗ್ಗ ಹಿಡಿದು ಹಾಕಿದ ನೇರ ಸಾಲು, ಒಂದೇ ಅಳತೆ, ಒಂದೇ ಆಳ. ಪುರಾತತ್ವಜ್ಞರು ಒಂದು ನಿವೇಶನದ ಹರವು ತಿಳಿಯಲು ಅಲ್ಲೊಂದು ಇಲ್ಲೊಂದು ಪರೀಕ್ಷಾ ಗುಂಡಿ ತೋಡುತ್ತಾರೆ. ಅವರ ಹಣಕ್ಕೂ ಸಮಯಕ್ಕೂ ನಿಲುಕದಷ್ಟು ಗುಂಡಿಗಳನ್ನು ರೈತ ತನ್ನ ಖರ್ಚಿನಲ್ಲೇ ತೆಗೆದಿರುತ್ತಾನೆ. ಗುಂಡಿ ತೆಗೆದು ಸಸಿ ನೆಡುವ ನಡುವೆ ಮಣ್ಣು ಬಿಸಿಲು ಕಾಯಲೆಂದು ಬಿಡುವ ದಿನಗಳೇ ನೋಡಲು ತಕ್ಕ ಕಾಲ. ಅದಕ್ಕಾಗಿ ಒಂದು ಗುಂಡಿಯನ್ನೂ ಹೆಚ್ಚುವರಿ ತೋಡಬೇಕಿಲ್ಲ, ತೋಡಲೂ ಕೂಡದು.

ಮಾಡಬೇಕಾದದ್ದು ಇಷ್ಟು. ತೋಟದ ಒಂದು ಮೂಲೆಯನ್ನು ಹಿಡಿದು ಸಾಲುಗಳಿಗೆ, ಸಾಲಿನೊಳಗಿನ ಗುಂಡಿಗಳಿಗೆ ಸಂಖ್ಯೆ ಕೊಡಿ: 3ನೇ ಸಾಲು 14ನೇ ಗುಂಡಿ, ಹೀಗೆ. ಲೆಕ್ಕ ಶುರುವಾದ ಮೂಲೆ ಯಾವುದೆಂದು ಬರೆಯುವುದನ್ನು ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಪ್ರತಿ ಗುಂಡಿಯ ಪಕ್ಕದ ಮಣ್ಣಿನ ರಾಶಿ ನೋಡಿ, ಮಡಕೆ ಚೂರು ಇಲ್ಲ, ಕೆಲವಿವೆ, ಬಹಳ ಇವೆ, ಈ ಮೂರರಲ್ಲಿ ಒಂದನ್ನು ಗುರುತು ಹಾಕಿದರೆ ಸಾಕು. ಚೌಕುಳಿ ಪುಸ್ತಕದ ಒಂದು ಹಾಳೆಯಲ್ಲಿ ಇಡೀ ಎಕರೆ ಹಿಡಿಸುತ್ತದೆ. ‘ಬಹಳ’ ಎಂದು ಬಿದ್ದ ಗುಂಡಿಗಳು ಒಂದೆಡೆ ಒತ್ತಾಗಿ, ಅಂಚಿಗೆ ಹೋದಂತೆ ತೆಳುವಾದರೆ ಹಳೆಯ ವಸತಿಯ ಎಲ್ಲೆ ನಿಮ್ಮ ಹಾಳೆಯ ಮೇಲೆಯೇ ಮೂಡುತ್ತದೆ.

ಅಂಥ ಕಡೆ ಮೂರು ನಾಲ್ಕು ಗುಂಡಿಗಳ ಒಂದೊಂದು ಗೋಡೆಯನ್ನು ಮಾತ್ರ ಗಾರೆಯವರ ಕರಣೆಯಿಂದ ಮೇಲಿನಿಂದ ಕೆಳಕ್ಕೆ ತೆಳ್ಳಗೆ ಹೆರೆಯಿರಿ. ಹಾರೆ, ಪಿಕಾಸಿಯ ಗೀರುಗಳು ಹೋಗಿ ಪದರ ಕಾಣಬೇಕು, ಅಷ್ಟೇ. ಔಷಧಿ ಹೊಡೆಯುವ ಪಂಪನ್ನು ಬಳಸಬೇಡಿ, ಮನೆಯಲ್ಲಿ ಗಿಡಕ್ಕೆ ನೀರು ಚಿಮುಕಿಸುವ ಸಣ್ಣ ಬಾಟಲಿಯಿಂದ ಗೋಡೆ ಒದ್ದೆ ಮಾಡಿ. ಒಣಗಿದಾಗ ಒಂದೇ ಬಣ್ಣವಾಗಿ ಕಾಣುತ್ತಿದ್ದ ಮಣ್ಣು ಆಗ ಬೇರೆ ಬೇರೆಯಾಗಿ ನಿಲ್ಲುತ್ತದೆ. ಮೇಲೆ ಆರೇಳು ಇಂಚು ಕಪ್ಪು ಮೇಲ್ಮಣ್ಣು, ಅದರ ಕೆಳಗೆ ಗಟ್ಟಿ ಪದರ, ಅದರಡಿ ಬೂದುಬಣ್ಣದ, ಇದ್ದಿಲ ಚುಕ್ಕೆಯಿರುವ ಒಂದು ಪಟ್ಟಿ, ತಳದಲ್ಲಿ ಏನೂ ಬೆರೆಯದ ಕೆಮ್ಮಣ್ಣು ಅಥವಾ ಜಂಬಿಟ್ಟಿಗೆ ಹರಳು. ಟೇಪನ್ನು ಗೋಡೆಗೆ ತಾಗಿಸಿ ಇಳಿಬಿಟ್ಟು ಫೋಟೊ ತೆಗೆಯಿರಿ. ಎಲ್ಲ ಅಳತೆಯೂ ನೆಲದ ಮಟ್ಟದಿಂದ ಕೆಳಕ್ಕೆ. ಗುಂಡಿಯ ಅಂಚಿಗೆ ಎಸೆದ ಮಣ್ಣಿನ ಮೇಲಿಂದ ಅಳೆದರೆ ಅರ್ಧ ಅಡಿ ತಪ್ಪುತ್ತದೆ.

ಮಡಕೆ ಚೂರು ಸಿಕ್ಕಿದಲ್ಲೆಲ್ಲ ಹಳೆಯ ಊರಿತ್ತು ಎಂದು ಹೊರಡುವವರೇ ಹೆಚ್ಚು. ಮಲೆನಾಡಿನಲ್ಲಿ ಈ ತೀರ್ಮಾನ ಬಹಳ ಸಲ ಸುಳ್ಳಾಗುತ್ತದೆ, ಕಾರಣ ನಮ್ಮ ಬೇಸಾಯದಲ್ಲೇ ಇದೆ. ಕೆರೆಯ ಹೂಳನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತೇವೆ. ಅಡಿಕೆ ಮರದ ಬುಡಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಧರೆ ಕಡಿದು ಹೊಸ ಮಣ್ಣು ಏರಿಸುತ್ತೇವೆ. ಕೊಟ್ಟಿಗೆ ಗೊಬ್ಬರದ ಜೊತೆ ಮನೆಯ ಒಡಕು ಮಡಕೆ, ಹೆಂಚಿನ ಬೋಕಿ ತಿಪ್ಪೆಯಿಂದ ಗದ್ದೆಗೆ ಹೋಗುತ್ತವೆ. ಹೀಗೆ ಬಂದ ಚೂರುಗಳು ಮೇಲಿನ ಎಂಟು ಇಂಚಿನೊಳಗೇ ಇರುತ್ತವೆ, ಸಣ್ಣವಿರುತ್ತವೆ, ಉರುಳಿ ಉರುಳಿ ಅಂಚು ಸವೆದಿರುತ್ತವೆ, ಹೊಲದ ತುಂಬ ಒಂದೇ ಸಮ ತೆಳುವಾಗಿ ಹರಡಿರುತ್ತವೆ. ಅಲ್ಲೇ ಬಾಳಿದವರ ಮಡಕೆಯಾದರೆ ಒಂದೂವರೆ ಅಡಿಯ ಕೆಳಗೂ ಸಿಗುತ್ತದೆ, ಒಡೆದ ಅಂಚು ಚೂಪಾಗಿರುತ್ತದೆ, ಒಂದೇ ಪಾತ್ರೆಯ ಎರಡು ಮೂರು ಚೂರು ಹತ್ತಿರದಲ್ಲೇ ಇದ್ದು ಕೂಡಿಸಿದರೆ ಕೂಡಿಕೊಳ್ಳುತ್ತವೆ. ಜೊತೆಗೆ ಇದ್ದಿಲು, ಸುಟ್ಟ ಮಣ್ಣಿನ ಹೆಂಟೆ, ಬೀಸುವ ಕಲ್ಲಿನ ತುಂಡು ಇರುತ್ತವೆ. ಹೊಲಕ್ಕೆ ಯಾವ ಕೆರೆಯ ಹೂಳು ಬಂತು, ಯಾವ ಧರೆಯ ಮಣ್ಣು ಬಂತು ಎಂಬುದನ್ನು ಹೇಳಬಲ್ಲವರು ಆ ಮನೆಯ ಹಿರಿಯರು ಮಾತ್ರ. ಈ ಒಂದು ಪ್ರಶ್ನೆ ಕೇಳದೆ ಬರೆದ ‘ಪ್ರಾಚೀನ ನೆಲೆ ಪತ್ತೆ’ ವರದಿಯನ್ನು ನಾವು ನಂಬುವುದಿಲ್ಲ. ಗೆದ್ದಲು, ಹೆಗ್ಗಣ, ಮರದ ಬೇರು ಕೂಡ ವಸ್ತುಗಳನ್ನು ಮೇಲೆ ಕೆಳಗೆ ಸಾಗಿಸುತ್ತವೆ. ಒಂಟಿ ಚೂರನ್ನು, ಒಂದು ಮಣಿಯನ್ನು ಆಧಾರವಾಗಿ ಹಿಡಿಯಬಾರದು.

ಕಬ್ಬಿಣದ ಕಿಟ್ಟದ ವಿಷಯದಲ್ಲೂ ಇದೇ ಗೊಂದಲ. ಜಂಬಿಟ್ಟಿಗೆ ನೆಲದಲ್ಲಿ ತಾನಾಗಿ ಕಟ್ಟಿಕೊಳ್ಳುವ ಕಂದುಗಪ್ಪು ಹರಳುಗಳನ್ನು ಕಿಟ್ಟವೆಂದು ಚೀಲ ತುಂಬುವವರಿದ್ದಾರೆ. ಕುಲುಮೆಯ ಕಿಟ್ಟದಲ್ಲಿ ಗುಳ್ಳೆ ಒಡೆದ ತೂತುಗಳಿರುತ್ತವೆ, ಒಂದು ಮೈಯಲ್ಲಿ ಕರಗಿ ಹರಿದ ಗೆರೆ ಕಾಣುತ್ತದೆ, ಒಡೆದ ಕಡೆ ಗಾಜಿನ ಹೊಳಪಿರುತ್ತದೆ. ಹರಳು ಗುಂಡಗಿದ್ದು ಒಳಗೆ ಪದರ ಪದರವಾಗಿರುತ್ತದೆ. ಎಲುಬು ಸಿಗಲಿಲ್ಲವೆಂದು ನಿರಾಶರಾಗುವುದೂ ಬೇಡ. ನಮ್ಮ ಮಳೆಗೆ, ನಮ್ಮ ಹುಳಿ ಮಣ್ಣಿಗೆ ಎಲುಬು ಕರಗಿಹೋಗುತ್ತದೆ, ಕಬ್ಬಿಣ ತುಕ್ಕಿನ ಮುದ್ದೆಯಾಗುತ್ತದೆ. ಉಳಿಯುವುದು ಕಲ್ಲು, ಸುಟ್ಟ ಮಣ್ಣು, ಇದ್ದಿಲು.

ಅಗೆತವೇ ಇಲ್ಲದ ಹೊಲದಲ್ಲಿ ಮೇಲ್ಮೈ ನೋಡಬೇಕಾದರೆ ಅಶ್ವಿನಿ, ಭರಣಿ ಮಳೆಯ ಹೊತ್ತು ಒಳ್ಳೆಯದು. ಉತ್ತ ಮಣ್ಣಿನ ಮೇಲೆ ಒಂದು ಜೋರು ಮಳೆ ಬಿದ್ದು ಎರಡು ದಿನ ಬಿಸಿಲು ಕಂಡರೆ ಚೂರುಗಳು ತೊಳೆದಂತೆ ಎದ್ದು ಕಾಣುತ್ತವೆ. ಐದು ಮೀಟರಿಗೆ ಒಬ್ಬರಂತೆ ಸಾಲಾಗಿ ನಡೆಯಬೇಕು. ಬಿತ್ತಿದ ಹೊಲಕ್ಕೆ, ಸಸಿಮಡಿಗೆ ಕಾಲಿಡಬಾರದು. ಬೇಲಿ ದಾಟುವ ಮೊದಲು ಮನೆಯವರನ್ನು ಕೇಳಬೇಕು, ದಣಪೆ ತೆಗೆದವರು ಮತ್ತೆ ಹಾಕಿ ಬರಬೇಕು. ಇವೆಲ್ಲ ಸಣ್ಣ ಮಾತಿನಂತೆ ಕಂಡರೂ, ದನ ನುಗ್ಗಿ ಒಂದು ಮಡಿ ಮೇಯ್ದರೆ ಆ ಊರಿನ ಬಾಗಿಲು ಹವ್ಯಾಸಿಗಳಿಗೆ ಮತ್ತೆ ತೆರೆಯುವುದಿಲ್ಲ.

ಕಲ್ಲುಗಳ ವಿಷಯಕ್ಕೆ ಬರೋಣ, ಮಲೆನಾಡಿನಲ್ಲಿ ಮುಖ್ಯವಾದದ್ದು ಇದೇ. ವೀರಗಲ್ಲನ್ನು ಹತ್ತಿರದಿಂದ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಬದಿಯಲ್ಲಿ ಕೆಲವೊಮ್ಮೆ ಬಿಡಿಸಿ ತಂದ ತುರುಗಳು. ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಶಿಲ್ಪವನ್ನು ಒಳಕ್ಕೆ ಕೊರೆದು ಬಿಡಿಸಿರುತ್ತಾರೆ. ಅಕ್ಷರವಿರುವುದು ಪಟ್ಟಿಕೆಗಳ ನಡುವೆ ಕಲ್ಲಿನ ಮೂಲ ಮಟ್ಟದಲ್ಲೇ ಉಳಿಸಿದ ಎರಡು ಮೂರು ಇಂಚಿನ ಅಡ್ಡಪಟ್ಟಿಗಳಲ್ಲಿ. ಜೆಸಿಬಿಗೆ ಸರಪಳಿ ಕಟ್ಟಿ ಎಳೆದಾಗ ಮೊದಲು ಉಜ್ಜಿಹೋಗುವುದು ಹೊರಗೆ ಚಾಚಿಕೊಂಡಿರುವ ಈ ಪಟ್ಟಿಯೇ. ಹೆಸರು, ಊರು, ಅರಸು, ಸಂವತ್ಸರ ಎಲ್ಲ ಅಲ್ಲಿಗೆ ಮುಗಿಯಿತು. ಕಾಲುಸಂಕವಾಗಿ ಹಾಸಿದ ಕಲ್ಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನಲ್ಲಿ ಚಿತ್ರವಿದ್ದು ಅಕ್ಷರ ಮಾತ್ರ ಮಾಸಿರುವುದು ಇದೇ ಕಾರಣಕ್ಕೆ. ಬಳ್ಳಿಗಾವಿ, ತಾಳಗುಂದ, ಸೊರಬ ಸುತ್ತಲಿನ ಬಹಳ ಕಲ್ಲುಗಳು ಬಳಪದ ಜಾತಿಯವು. ಉಗುರಿಗೂ ಗೀರು ಬೀಳುತ್ತದೆ. ತಂತಿ ಬ್ರಷ್ಷು, ಆಸಿಡ್, ಬ್ಲೀಚಿಂಗ್ ಪುಡಿ ಯಾವುದೂ ಸಲ್ಲದು.

ಕಲ್ಲು ನೆಲದಲ್ಲಿ ಸಿಕ್ಕಾಗ ಎತ್ತುವ ಮೊದಲು ಅದು ಮೊದಲಿನಿಂದ ಅಲ್ಲಿಯದೇ ಎಂದು ನೋಡಬೇಕು. ವೀರಗಲ್ಲಿನ ಬುಡದಲ್ಲಿ ಹೂಳುವುದಕ್ಕೆಂದು ಬಿಟ್ಟ ಒಂದೆರಡು ಅಡಿ ಒರಟು ಭಾಗವಿರುತ್ತದೆ. ಅದು ಮಣ್ಣಿನಲ್ಲಿ ನೆಟ್ಟಗೆ ಇಳಿದಿದ್ದು, ಸುತ್ತ ಅಲುಗದಂತೆ ಬಡಿದ ಚಿಕ್ಕ ಕಲ್ಲುಗಳಿದ್ದರೆ ಅದು ನಿಲ್ಲಿಸಿದ ಜಾಗದಲ್ಲೇ ಇದೆ. ಆ ಜಾಗಕ್ಕೆ ಬೆಲೆ ಕಲ್ಲಿನಷ್ಟೇ: ಹಳೆಯ ಊರ ಬಾಗಿಲು, ಕೆರೆ ಏರಿ, ಕಾಳಗ ನಡೆದ ಗಡಿ ಯಾವುದಾದರೂ ಆಗಿರಬಹುದು. ಮೇಲ್ಮಣ್ಣಿನಲ್ಲಿ ಮಗುಚಿ ಬಿದ್ದಿದ್ದರೆ ಎಲ್ಲಿಂದಲೋ ತಂದು ಹಾಕಿದ್ದು ಇರಬೇಕು. ಮುಖ ಯಾವ ದಿಕ್ಕಿಗೆ, ನೆಲದಿಂದ ಎಷ್ಟು ಆಳ, ಬುಡದಲ್ಲಿ ಏನು, ಈ ಮೂರನ್ನೂ ಫೋಟೊ ಸಮೇತ ಬರೆದ ಮೇಲೆಯೇ ಎತ್ತುವ ಯೋಚನೆ. ಎತ್ತಲೇಬೇಕಾಗಿ ಬಂದರೆ ಸರಪಳಿ ಬೇಡ. ಗೋಣಿಚೀಲ ಸುತ್ತಿ, ಅಗಲ ಪಟ್ಟಿಯ ಬೆಲ್ಟನ್ನು ಎರಡು ಕಡೆ ಕೊಟ್ಟು ಎತ್ತಿ, ಅಕ್ಷರದ ಮುಖ ಮೇಲಾಗಿ ಹಳೆಯ ಟೈರಿನ ಮೇಲೆ ಮಲಗಿಸಬೇಕು. ಬಕೆಟ್ಟಿನ ಹಲ್ಲಿನಲ್ಲಿ ಮೀಟಿದರೆ ಬಳಪದ ಕಲ್ಲು ಪದರಕ್ಕೇ ಸೀಳುತ್ತದೆ.

ಸ್ಥಾನ ಎಷ್ಟು ಮುಖ್ಯ ಎಂಬುದಕ್ಕೆ ಹೊಸನಗರ ತಾಲ್ಲೂಕಿನ ನಿಲಸ್ಕಲ್ ಮತ್ತು ಬೈಸೆಯ ನಿಲುಗಲ್ಲುಗಳಿಗಿಂತ ಬೇರೆ ಉದಾಹರಣೆ ಬೇಡ. ಬೃಹತ್ ಶಿಲಾಯುಗದ ಆ ಕಲ್ಲುಗಳ ಮೇಲೆ ಒಂದು ಅಕ್ಷರವಿಲ್ಲ, ಒಂದು ಚಿತ್ರವಿಲ್ಲ. ಒಂದೊಂದನ್ನೇ ನೋಡಿದರೆ ಬರಿಯ ಚಪ್ಪಡಿ. ಎಲ್ಲವುಗಳ ಸ್ಥಾನವನ್ನು ಅಳೆದು ನಕ್ಷೆಗಿಳಿಸಿದಾಗ, ಜೋಡಿ ಕಲ್ಲುಗಳ ಗೆರೆಗಳು ಉತ್ತರಾಯಣ ದಕ್ಷಿಣಾಯನದ ಕೊನೆಗಳಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕುಗಳಿಗೆ ಹೊಂದುತ್ತವೆಂದು ಸಂಶೋಧಕರು ತೋರಿಸಿದ್ದಾರೆ. ಅಂಥ ಗುಂಪಿನಲ್ಲಿ ಒಂದು ಕಲ್ಲನ್ನು ಸದುದ್ದೇಶದಿಂದಲೇ ಪಕ್ಕಕ್ಕೆ ಸರಿಸಿ ನೆಟ್ಟರೂ ಆ ಗೆರೆ ಹೋಯಿತು, ಮತ್ತೆ ಕೂಡಿಸಲು ಬರುವುದಿಲ್ಲ. ಬೇಲಿಗೂಟಕ್ಕೆ, ಗೇಟಿನ ಕಂಬಕ್ಕೆ ಉದ್ದನೆಯ ಕಲ್ಲು ಹುಡುಕುವವರು ಈ ತಾಲ್ಲೂಕಿನಲ್ಲಿ ಎರಡು ಸಲ ಯೋಚಿಸಬೇಕು.

ಹೊಸ ಶಾಸನ ಸಿಕ್ಕಿತು ಎನ್ನುವ ಮೊದಲು, ಶಾಸನಗಳನ್ನು ಜಿಲ್ಲೆವಾರು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ನೋಡುವುದು ಕಡ್ಡಾಯವಾಗಬೇಕು. ಅಂದಿನ ಮೈಸೂರು ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಹೊರತಂದ 7ನೇ ಸಂಪುಟದಲ್ಲಿ (1902) ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಇವೆ. 8ನೆಯದರಲ್ಲಿ (1904) ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಈಗಿನ ಹೊಸನಗರದ ಊರುಗಳನ್ನು ನಗರ ತಾಲ್ಲೂಕಿನಡಿ ಹುಡುಕಬೇಕು. ತಾಲ್ಲೂಕಿಗೆ ಒಂದು ಸರಣಿ ಸಂಖ್ಯೆ, ಕಲ್ಲು ಊರಿನ ಯಾವ ಗುಡಿಯ ಬಳಿ, ಯಾವ ಹೊಲದಲ್ಲಿದೆ ಎಂಬ ಒಂದು ಸಾಲು, ಪಾಠ, ಅನುವಾದ ಸಿಗುತ್ತವೆ. ಉದಾಹರಣೆಗೆ, ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬಶಾಸನ ಶಿಕಾರಿಪುರ 176, ಅದೇ ತಾಲ್ಲೂಕಿನ ಮಳವಳ್ಳಿಯ ಕಂಬದ ಶಾಸನಗಳು ಶಿಕಾರಿಪುರ 263 ಮತ್ತು 264. ನಿಮ್ಮ ಹೊಲದ ಕಲ್ಲು ಅದರಲ್ಲಿದ್ದರೆ ಬೇಸರ ಬೇಡ. ಅಚ್ಚಾದ ಪಾಠದಲ್ಲಿ ಅಂದೇ ಸವೆದಿದ್ದ ಸಾಲು ಯಾವುದು, ಇಂದು ಸವೆದದ್ದು ಯಾವುದು, ಅಂದು ಮಣ್ಣಿನಲ್ಲಿ ಹೂತಿದ್ದ ಕೆಳಸಾಲು ಇಂದು ಕಾಣುತ್ತಿದೆಯೇ ಎಂದು ತಾಳೆ ನೋಡುವುದೂ ಹೊಸ ಶೋಧದಷ್ಟೇ ಬೆಲೆಯುಳ್ಳ ಕೆಲಸ. ಎಲ್ಲವನ್ನೂ ರೈಸ್ ಮುಗಿಸಿಹೋದರು ಎಂದೂ ತಿಳಿಯಬೇಕಿಲ್ಲ. ತಾಳಗುಂದದ ಪ್ರಣವೇಶ್ವರ ಗುಡಿಯ ಬಳಿಯೇ 2013ರಲ್ಲಿ ಕೇಂದ್ರ ಪುರಾತತ್ವ ಇಲಾಖೆ ಅಗೆದಾಗ ಸಿಂಹಕಟಾಂಜನದ (ಸಿಂಹ ಕೆತ್ತಿದ ಮೆಟ್ಟಿಲ ಕೈಗೋಡೆಯ) ಶಾಸನ ಸಿಕ್ಕಿ, ಅದು ಕ್ರಿ.ಶ. 370ರ ಸುಮಾರಿನದೆಂದು ಇಲಾಖೆ ಗುರುತಿಸಿದ್ದು ಎಲ್ಲರಿಗೂ ಗೊತ್ತಿದೆ.

ಓದುವ ಕೆಲಸದಲ್ಲಿ ರೈತ ಬೇಕಾಗುವುದು ಹೀಗೆ. ನಮ್ಮ ಶಾಸನಗಳಲ್ಲಿ ಬಹುಪಾಲು ಬೇಸಾಯದ ಪತ್ರಗಳೇ. ಇಷ್ಟು ಮತ್ತರು ಗದ್ದೆ, ಇಷ್ಟು ಕಮ್ಮ ತೋಟ (ಎರಡೂ ಹಳೆಯ ಭೂ ಅಳತೆಗಳು), ಕೆರೆ ಕಟ್ಟಿಸಿದವರಿಗೆ ಬಿಟ್ಟ ಭೂಮಿ, ನಾಲ್ಕು ದಿಕ್ಕಿನ ಎಲ್ಲೆ. ತಾಳಗುಂದದ ಕಂಬ ಕೂಡ ಕದಂಬ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ವಿಷಯಕ್ಕೇ ಬಂದು ನಿಲ್ಲುತ್ತದೆ. ಎಲ್ಲೆ ಹೇಳುವಾಗ ಬರುವ ಹಳ್ಳ, ಮೊರಡಿ, ಹಿರಿಯ ಮರ, ಕೋಡಿ, ಮುಂಡಿಗೆ, ನೆಟ್ಟಕಲ್ಲು ಇವುಗಳ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. ಗದ್ದೆಬಯಲಿನ ಒಂದೊಂದು ತುಂಡಿಗೂ ಹೆಸರಿಟ್ಟು ಕರೆಯುವ ಮನೆಗಳಲ್ಲಿ ಇವೆ. ಶಾಸನದ ಪಾಠ ಹಿಡಿದು ಕೆರೆಯ ನೀರು ಹಂಚುವ ನೀರುಗಂಟಿಯ ಜೊತೆ ಏರಿ ಮೇಲೆ ನಡೆದರೆ, ವಿಶ್ವವಿದ್ಯಾಲಯದ ಕೋಣೆಯಲ್ಲಿ ಬಗೆಹರಿಯದ ಎಲ್ಲೆ ಬಗೆಹರಿಯಬಹುದು. ಲಿಂಗಮುದ್ರೆ ಕಲ್ಲು, ವಾಮನಮುದ್ರೆ ಕಲ್ಲುಗಳನ್ನು ಸ್ಥಳದಿಂದ ಕದಲಿಸಲೇಬಾರದು ಎನ್ನುವುದು ಇದಕ್ಕೇ. ಅವು ದತ್ತಿ ಭೂಮಿಯ ಗಡಿಯನ್ನು ಇನ್ನೂ ತೋರಿಸುತ್ತಿವೆ. ಊರವರು ಭಕ್ತಿಯಿಂದ ಎಲ್ಲ ಕಲ್ಲನ್ನೂ ತಂದು ಗುಡಿಯಂಗಳದಲ್ಲಿ ಸಾಲಾಗಿ ಸಿಮೆಂಟಿನಲ್ಲಿ ನಿಲ್ಲಿಸಿ ಬಣ್ಣ ಹೊಡೆಯುವುದು ರಕ್ಷಣೆಯಲ್ಲ. ಕೆಳಗಿನ ಸಾಲುಗಳು ಸಿಮೆಂಟಿನಲ್ಲಿ ಮುಳುಗುತ್ತವೆ, ಆಯಿಲ್ ಪೇಂಟು ಅಕ್ಷರದ ಗುಂಟ ತುಂಬುತ್ತದೆ, ಕಲ್ಲು ಯಾವ ಹೊಲದ್ದೆಂಬುದು ಮರೆತುಹೋಗುತ್ತದೆ.

ಅಕ್ಷರ ಓದಲು ಸೀಮೆಸುಣ್ಣ, ಹಿಟ್ಟು, ವಿಭೂತಿ ತುಂಬುವ ಅಭ್ಯಾಸವೂ ನಿಲ್ಲಬೇಕು. ಸವೆದ ಗೀರೂ ಅಕ್ಷರದಂತೆ ಕಂಡು ಪಾಠವೇ ಕೆಡುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಬಹುತೇಕ ತಾಗಿಸಿದಂತೆ ಬದಿಯಿಂದ ಹಿಡಿಯಿರಿ. ಎಡದಿಂದ, ಬಲದಿಂದ, ಮೇಲಿನಿಂದ ಹೀಗೆ ಬೇರೆ ಬೇರೆ ಬೆಳಕಿನಲ್ಲಿ, ಕ್ಯಾಮೆರಾ ಕದಲಿಸದೆ, ಮೂರು ನಾಲ್ಕು ಫೋಟೊ ತೆಗೆದರೆ ಹಗಲು ಕಾಣದ ಸಾಲು ಏಳುತ್ತದೆ. ಪಡಿಯಚ್ಚು ತೆಗೆಯುವುದನ್ನು ಬಲ್ಲವರಿಂದ ಕಲಿತೇ ಮಾಡಬೇಕು: ನೀರು ಮತ್ತು ಮೆತ್ತನೆ ಬ್ರಷ್ಷಿನಿಂದ ಕಲ್ಲು ತೊಳೆದು, ಒದ್ದೆ ಕಾಗದ ಹರಡಿ, ನಡುವಿನಿಂದ ಅಂಚಿಗೆ ಬ್ರಷ್ಷಿನಿಂದ ತಟ್ಟಿ ಅಕ್ಷರದೊಳಕ್ಕೆ ಇಳಿಸಿ, ಕಾಗದ ಅರೆ ಆರಿದ ಮೇಲೆ ಬಟ್ಟೆಯುಂಡೆಯಿಂದ ಮಸಿ ಒತ್ತಬೇಕು. ಕಾಗದ ಹಸಿಯಿರುವಾಗಲೇ ಮಸಿ ಒತ್ತಿದರೆ ಅದು ಕಲ್ಲಿಗೆ ಇಳಿದು ಕಲೆ ನಿಲ್ಲುತ್ತದೆ. ಜೋರು ಗಾಳಿಯ ದಿನ, ಮೋಡದ ದಿನ ಈ ಕೆಲಸ ಹಿಡಿಯಬಾರದು.

ಲೋಹದ ವಸ್ತು ಸಿಕ್ಕರೆ ತಾಮ್ರದ ಚೊಂಬಿನಂತೆ ಹುಣಸೆಹುಳಿ ಹಾಕಿ ತಿಕ್ಕುವುದು ನಮ್ಮವರ ಮೊದಲ ಕೆಲಸ. ಹುಳಿ ಮೇಲಿನ ಹಸಿರು ಪದರವನ್ನಷ್ಟೇ ತೆಗೆಯುವುದಿಲ್ಲ, ಆ ಪದರದಲ್ಲೇ ಉಳಿದಿದ್ದ ಅಚ್ಚನ್ನೂ ಅಕ್ಷರವನ್ನೂ ತೆಗೆಯುತ್ತದೆ. ತಾಮ್ರಪಟಗಳ ಬಳೆಯನ್ನು, ಮುದ್ರೆಯನ್ನು ಕತ್ತರಿಸಬಾರದು. ಬಿಡಿಸಿದರೆ ಹಲಗೆಗಳ ಕ್ರಮವೂ ಸಾಚಾತನದ ಒಂದು ಸಾಕ್ಷಿಯೂ ಹೋಗುತ್ತವೆ. ಗಡಿಗೆಯಲ್ಲಿ ನಾಣ್ಯ ಸಿಕ್ಕರೆ ಗಡಿಗೆಯ ಚೂರೂ ಬೇಕು, ಎಲ್ಲ ನಾಣ್ಯವೂ ಒಟ್ಟಿಗೆ ಇರಬೇಕು. ಹೂತ ಕಾಲವನ್ನು ಹೇಳುವುದು ಗಡಿಗೆಯೊಳಗಿನ ಅತಿ ಈಚಿನ ನಾಣ್ಯ. ಕೆಳದಿ ಅರಸರ ಚಿನ್ನದ ನಾಣ್ಯಗಳಾದ ಇಕ್ಕೇರಿ ವರಹಗಳಲ್ಲಿ ಆ ಒಂದನ್ನು ಯಾರೋ ನೆನಪಿಗೆಂದು ಜೇಬಿಗಿಳಿಸಿದರೆ ಕಾಲನಿರ್ಣಯವೇ ತಪ್ಪುತ್ತದೆ.

ಇಲ್ಲಿ ಕಾನೂನು ಕಟ್ಟುನಿಟ್ಟು. 1878ರ ನಿಧಿ ಕಾಯಿದೆ, ನಿಧಿಗೆ ಸಂಬಂಧಿಸಿದ 1962ರ ಕರ್ನಾಟಕದ ಕಾಯಿದೆ ಎರಡರ ಆಶಯವೂ ಒಂದೇ: ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತುವಿನ ಬಗ್ಗೆ ಏನು, ಎಷ್ಟು, ಎಲ್ಲಿ, ಯಾವ ದಿನ ಸಿಕ್ಕಿತೆಂದು ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಮುಚ್ಚಿಟ್ಟರೆ ಜೈಲುಶಿಕ್ಷೆಯವರೆಗೂ ಹೋಗುತ್ತದೆ. ತಿಳಿಸಿದರೆ ವಸ್ತು ಕಂಡುಕೊಂಡವರಿಗೂ ಜಮೀನಿನವರಿಗೂ ಹಕ್ಕು, ಪ್ರತಿಫಲದ ವಿಚಾರಣೆಗೆ ದಾರಿಯಿದೆ. ತಹಶೀಲ್ದಾರರ ಕಚೇರಿಯಲ್ಲಿ ಕೊಟ್ಟ ಅರ್ಜಿಗೆ ಸ್ವೀಕೃತಿ, ಒಪ್ಪಿಸಿದ ವಸ್ತುವಿಗೆ ತೂಕ ಎಣಿಕೆ ಸಮೇತ ಪಂಚನಾಮೆಯ ಪ್ರತಿ, ಇವೆರಡೂ ಇಲ್ಲದೆ ಯಾರ ಕೈಗೂ ಏನನ್ನೂ ಕೊಡಬೇಡಿ, ಹವ್ಯಾಸಿಗಳಿಗಂತೂ ಬೇಡವೇ ಬೇಡ. ಹವ್ಯಾಸಿ ಒಯ್ಯಬಹುದಾದದ್ದು ಫೋಟೊ, ಅಳತೆ, ಟಿಪ್ಪಣಿ ಮಾತ್ರ. ಮನೆಯ ಷೋಕೇಸಿನಲ್ಲಿ ಕಲ್ಲುಕೊಡಲಿ, ನಾಣ್ಯ ಜೋಡಿಸಿಟ್ಟು ‘ಸಂಗ್ರಹ’ ಎನ್ನುವವರಿಂದ ಈ ಹವ್ಯಾಸಕ್ಕೆ ಕೆಟ್ಟ ಹೆಸರು ಬಂದಿದೆ. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಸ್ಥಳದಲ್ಲಿ ಉಳಿಸಲು ಆಗದ ಕಲ್ಲಿಗೆ ಅದು ಸರಿಯಾದ ಜಾಗ.

ನಿಧಿಗಳ್ಳರ ಮಾತು ಹೇಳದೆ ಇರುವಂತಿಲ್ಲ. ಪಾಳು ಗುಡಿಯ ಪಾಣಿಪೀಠ, ಬಸವನ ಕಲ್ಲು, ವೀರಗಲ್ಲಿನ ಬುಡ ಅಗೆದು ಒಡೆಯುವ ಇವರಿಗೆ ದಾರಿ ತೋರಿಸುತ್ತಿರುವುದು ಎಷ್ಟೋ ಸಲ ಹವ್ಯಾಸಿಗಳ ಉತ್ಸಾಹವೇ. ಫೋಟೊ ತೆಗೆದ ಅರ್ಧ ಗಂಟೆಯಲ್ಲಿ ಲೊಕೇಶನ್ ಸಮೇತ ಫೇಸ್‌ಬುಕ್, ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿದರೆ ಆ ರಾತ್ರಿ ಹೊಲ ಕಾಯಬೇಕಾದವನು ರೈತ. ಸಾರ್ವಜನಿಕವಾಗಿ ಹೋಬಳಿಯ ಹೆಸರಿನಾಚೆ ಏನನ್ನೂ ಹಾಕಬಾರದು. ನಿಖರ ಸ್ಥಳ ದಾಖಲೆಯಲ್ಲಿ ಮಾತ್ರ ಇರಲಿ. ಪತ್ರಿಕೆಗಳೂ ‘ನಿಧಿ’ ಎಂಬ ಪದವನ್ನು ತಲೆಬರಹದಲ್ಲಿ ಬಳಸದಿದ್ದರೆ ಉಪಕಾರವಾಗುತ್ತದೆ.

ದಾಖಲೆಗೆ ದೊಡ್ಡ ಸಲಕರಣೆ ಬೇಡ. ಮೊಬೈಲಿನ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಅದನ್ನು ಪಹಣಿಯೊಡನೆ ತಾಳೆ ನೋಡಿ. ಅಡಿಕೆ ತೋಟದ ನೆರಳಿನಲ್ಲಿ, ಕಾನಿನೊಳಗೆ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಅತ್ತಿತ್ತ ಹೋಗುವುದುಂಟು. ಹಾಗಾಗಿ ಬಾವಿ, ಕೆರೆ ತೂಬು, ಮನೆ ಮೂಲೆಯಂತಹ ಕದಲದ ಎರಡು ಗುರುತುಗಳಿಂದ ಟೇಪು ಹಿಡಿದು ದೂರವನ್ನೂ ಬರೆಯಿರಿ. ಚೀಟಿ ಬರೆಯುವುದು ಪೆನ್ಸಿಲ್ಲಿನಲ್ಲಿ. ಆರಿದ್ರಾ ಮಳೆಯ ಥಂಡಿಗೆ ಇಂಕು ಹರಡಿ ಏನೂ ಉಳಿಯುವುದಿಲ್ಲ. ಟಿಪ್ಪಣಿಯ ಒಂದು ಪ್ರತಿ, ಶಾಸನವಾದರೆ ಅದರ ಪಾಠ ಮತ್ತು ಸರಳ ಅರ್ಥ, ಜಮೀನಿನ ಮನೆಗೆ ತಲುಪಬೇಕು. ತಮ್ಮ ಗದ್ದೆಯ ಕಲ್ಲು ಏನು ಹೇಳುತ್ತದೆ ಎಂದು ಗೊತ್ತಾದ ಮನೆಯವರು ಅದನ್ನು ಸಂಕಕ್ಕೆ ಹಾಸುವುದಿಲ್ಲ.

ನಮ್ಮ ಕೋರಿಕೆ ಇದು. 2002ರ ಕಾಯಿದೆಯಡಿ ಪಂಚಾಯಿತಿಗಳಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇದೆ. ಅದೇ ಮಾದರಿಯಲ್ಲಿ ಊರಿನ ಕಲ್ಲು, ಹಾಳೂರು ದಿಬ್ಬ, ಹಳೆಯ ಕೆರೆತೂಬುಗಳಿಗೊಂದು ಪುಸ್ತಕವನ್ನು ಗ್ರಾಮ ಪಂಚಾಯಿತಿ ಇಡಬೇಕು. ಸಿಕ್ಕ ದಿನ, ಸರ್ವೆ ನಂಬರು, ಆಳ, ದಿಕ್ಕು, ಜೊತೆಗಿದ್ದದ್ದು, ಈಗ ಎಲ್ಲಿದೆ, ಎಪಿಗ್ರಾಫಿಯಾ ಸಂಖ್ಯೆ: ಇಷ್ಟು ಕಲಂ ಸಾಕು. ನಿಖರ ಸ್ಥಳದ ಕಲಂ ಹೊರಗಿನವರಿಗೆ ತೋರಿಸುವಂತಿರಬಾರದು. ಕೃಷಿ ಹೊಂಡ, ಉದ್ಯೋಗ ಖಾತರಿಯ ಗುಂಡಿ, ಕೆರೆ ಹೂಳೆತ್ತುವ ಕಾಮಗಾರಿ ಮಂಜೂರು ಮಾಡುವಾಗ ಈ ಪುಸ್ತಕ ನೋಡುವ ಪದ್ಧತಿ ಬರಬೇಕು. ಜೆಸಿಬಿ ಬಾಡಿಗೆ ಗಂಟೆಯ ಲೆಕ್ಕದ್ದು. ಯಂತ್ರ ನಿಲ್ಲಿಸಿದಷ್ಟೂ ರೈತನ ಕೈಯಿಂದ ದುಡ್ಡು ಹೋಗುತ್ತದೆ, ಕಂಡರೂ ಕಾಣದಂತೆ ಮುಂದೆ ಹೋಗುವುದಕ್ಕೆ ಮುಖ್ಯ ಕಾರಣ ಅದೇ. ಇಂಥ ಒಂದೆರಡು ಗಂಟೆಯ ಬಾಡಿಗೆಯನ್ನು ಪಂಚಾಯಿತಿ ತುಂಬಿಕೊಟ್ಟರೆ ಸುದ್ದಿ ತಾನಾಗಿ ಬರುತ್ತದೆ. ಚಾಲಕರಿಗೂ ಕೆಲಸ ಹಿಡಿಯುವ ಮೊದಲೇ ಹೇಳಿಡಬೇಕು: ಮೊದಲ ಒಂದು ಅಡಿಯನ್ನು ತೆಳ್ಳಗೆ ಹೆರೆಯಿರಿ, ಕೆತ್ತಿದ ಕಲ್ಲು, ಸಾಲು ಇಟ್ಟಿಗೆ, ಮಡಕೆ ಕಂಡರೆ ಯಂತ್ರವನ್ನು ಪಕ್ಕದ ಸಾಲಿಗೆ ಒಯ್ಯಿರಿ, ಆಗ ಬಾಡಿಗೆಯೂ ದಂಡವಾಗುವುದಿಲ್ಲ.

ನೀರು ಬಸಿಯುವ ನೆಲದಲ್ಲಿ ಅಡಿಕೆ ಸಸಿ ನೆಡುವುದು ಮೇ, ಜೂನ್‌ನಲ್ಲಿ. ಗುಂಡಿ ತೆಗೆಯುವುದು ಅದಕ್ಕೆ ಮುಂಚೆ. ಪಂಚಾಯಿತಿಗಳು ಬೇಸಿಗೆಯ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿಕೊಂಡರೆ ಬರುವ ನಾಟಿಯ ಗುಂಡಿಗಳನ್ನಾದರೂ ನೋಡಬಹುದು.

ಇತಿಹಾಸಾಸಕ್ತ ಕೃಷಿಕರು,
ಶಿಕಾರಿಪುರ – ಸೊರಬ ಭಾಗ, ಶಿವಮೊಗ್ಗ ಜಿಲ್ಲೆ